ಗೇರ್ ಗಾಡಿಯಲ್ಲೇ ಕಲಿಯಲಾ, ಆಟೋಮ್ಯಾಟಿಕ್‌ಗೆ ಹೋಗಲಾ? ಏರಿನಲ್ಲಿ ಕ್ಲಚ್ ಬಿಡಲು ಆಗುತ್ತಿಲ್ಲ

ಮಡಿಕೇರಿ_ಟೀಚರ್

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಮಡಿಕೇರಿಯಲ್ಲಿ ಮನೆ, ಮೂರ್ನಾಡು ಕಡೆ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಹದಿನೈದು ವರ್ಷದಿಂದ ಗೇರ್ ಇಲ್ಲದ ಸ್ಕೂಟರ್ ಓಡಿಸುತ್ತಿದ್ದೇನೆ. ಇಲ್ಲಿಯ ಮಳೆಗಾಲ ಗೊತ್ತಲ್ಲ. ರೈನ್‌ಕೋಟ್ ಹಾಕಿಕೊಂಡರೂ ಶಾಲೆ ಮುಟ್ಟುವಷ್ಟರಲ್ಲಿ ಸೀರೆ ಮೊಣಕಾಲಿನ ತನಕ ಒದ್ದೆ. ಮಕ್ಕಳ ನೋಟ್‌ಬುಕ್ಕುಗಳನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಾಲ ಹತ್ತಿರ ಇಟ್ಟುಕೊಳ್ಳುತ್ತೇನೆ, ಅವೂ ಒದ್ದೆ. ಹೋದ ವರ್ಷ ಒಂದು ಹುಡುಗಿಯ ಚಿತ್ರದ ಪುಸ್ತಕ ಪೂರ್ತಿ ಹಾಳಾಯಿತು. ಈ ಸಲ ಕಾರು ಕಲಿತೇ ಬಿಡಬೇಕು ಅಂತ ಆವತ್ತೇ ಮನಸ್ಸು ಮಾಡಿದೆ.

ಡ್ರೈವಿಂಗ್ ಸ್ಕೂಲಿನಲ್ಲಿ 20 ದಿನ ಕಲಿತೆ. ಅಲ್ಲಿ ಚೆನ್ನಾಗಿಯೇ ಓಡಿಸಿದೆ. ಸುಂಟಿಕೊಪ್ಪದ ತನಕ ಹೋಗಿ ಬಂದೆ. ಒಂದೇ ಒಂದು ಸಲವೂ ಗಾಡಿ ಆಫ್ ಆಗಲಿಲ್ಲ.

ಕ್ಲಾಸ್ ಮುಗಿದ ಮೇಲೆ ಮನೆಯ ವ್ಯಾಗನ್ ಆರ್ ತೆಗೆದೆ. ಎಲ್ ಬೋರ್ಡ್ ಹಾಕಿ, ನಮ್ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೆಗೆದೆ. ನಮ್ಮ ಗೇಟಿನಿಂದ ಮೇಲಿನ ರಸ್ತೆಗೆ ನಲವತ್ತು ಮೀಟರ್ ಏರು. ರಸ್ತೆ ಸೇರುವ ಕಡೆ ನಿಲ್ಲಿಸಲೇಬೇಕು, ಬಲಗಡೆ ತಿರುವಿನಲ್ಲಿ ಬಸ್ ಬರುತ್ತಿರುತ್ತದೆ. ನಿಲ್ಲಿಸಿದೆ. ಮತ್ತೆ ಎತ್ತಲು ಅಂತ ಬ್ರೇಕಿನಿಂದ ಕಾಲು ತೆಗೆದ ಕೂಡಲೇ ಗಾಡಿ ಹಿಂದಕ್ಕೆ ಜಾರಿತು. ಗಾಬರಿಯಲ್ಲಿ ಕ್ಲಚ್ ಬಿಟ್ಟೆ. ಒಂದು ಸಲ ಕುಲುಕಿ ಆಫ್. ಐದು ಸಲ ಹೀಗೇ ಆಯಿತು. ಹಿಂದೆ ಪಕ್ಕದ ಮನೆಯವರ ಪಿಕಪ್ ಬಂದು ನಿಂತಿತ್ತು. ಐದನೇ ಸಲ ನಮ್ಮ ಬಂಪರಿಗೂ ಅದಕ್ಕೂ ಒಂದು ಗೇಣು ಜಾಗ ಉಳಿದಿತ್ತು ಅಷ್ಟೇ. ಅವರು ಪುಣ್ಯಾತ್ಮರು, ಹಾರನ್ ಕೂಡ ಹೊಡೆಯಲಿಲ್ಲ. ಇಳಿದು ಬಂದು ಟೈರಿಗೆ ಕಲ್ಲು ಕೊಟ್ಟರು. ಆಮೇಲೆ ನಮ್ಮನೆಯವರೇ ಓಡಿಸಿದರು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಗಾಡಿ ಹಿಂದೆ ಹೋದ ಹಾಗೆ.

ಈಗ ತಮ್ಮ ಫೋನ್ ಮಾಡಿದಾಗೆಲ್ಲ "ಎಎಂಟಿ ತಗೋ ಅಕ್ಕ, ಕ್ಲಚ್ ಇಲ್ಲ, ತಲೆನೋವಿಲ್ಲ" ಅನ್ನುತ್ತಾನೆ. ಎಎಂಟಿ ಅಂದರೆ ಗೇರನ್ನು ತಾನೇ ಬದಲಿಸುವ ಒಂದು ಬಗೆಯ ಆಟೋಮ್ಯಾಟಿಕ್. ನಮ್ಮನೆಯವರು ಗೇರ್ ಗಾಡಿ ಬಂದರೆ ಯಾವ ಗಾಡಿಯೂ ಬರುತ್ತದೆ, ಬಿಡಬೇಡ ಅನ್ನುತ್ತಾರೆ. ಸ್ಕೂಟರಿಗೆ ಗೇರ್ ಇದ್ದದ್ದಕ್ಕೆ ಬೇರೆ, ಇಲ್ಲದ್ದಕ್ಕೆ ಬೇರೆ ಲೈಸೆನ್ಸ್ ಇದೆಯಲ್ಲ, ಕಾರಿಗೂ ಹಾಗೇನಾ? ಎಎಂಟಿ ಏರಿನಲ್ಲಿ ನಿಜವಾಗಲೂ ಜಾರುವುದಿಲ್ವಾ? ನನ್ನ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮುಗಿಯಲು ಇನ್ನು ಎರಡೂವರೆ ತಿಂಗಳಿದೆ. ತಿಳಿದವರು ಹೇಳಿ.

ಪುತ್ತೂರಿನ_ಹಳದಿ_ಬೋರ್ಡ್

ಟೀಚರೇ, ನಾನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಸ್ಕೂಲಿನ ಕಾರಿನಲ್ಲಿ ನೀವು ಏರಿನಲ್ಲಿ ಗಾಡಿ ಎತ್ತುವಾಗ ಕಲಿಸುವವರ ಕಾಲು ಎಲ್ಲಿತ್ತು?

ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಕ್ಲಚ್, ಬ್ರೇಕ್ ಇರುತ್ತದೆ. ನೀವು ಕ್ಲಚ್ ಬೇಗ ಬಿಟ್ಟರೆ ಅವರು ಆ ಕಡೆಯಿಂದ ಒತ್ತಿ ಹಿಡಿಯುತ್ತಾರೆ. ಹಿಂದೆ ಟ್ರಾಫಿಕ್ ಇರುತ್ತದೆ, ಮುಂದಿನ ಕ್ಲಾಸಿಗೆ ಟೈಮ್ ಆಗಿರುತ್ತದೆ, ಹಾಗಾಗಿ ಒತ್ತಿಬಿಡುತ್ತಾರೆ. 20 ದಿನದಲ್ಲಿ ಒಂದು ಸಲವೂ ಗಾಡಿ ಆಫ್ ಆಗಲಿಲ್ಲ ಅಂದಿರಲ್ಲ, ಅಲ್ಲೇ ನನಗೆ ಗೊತ್ತಾಯಿತು. ಹೊಸದಾಗಿ ಕಲಿಯುವವರ ಕೈಯಲ್ಲಿ ಗಾಡಿ ಆಫ್ ಆಗಲೇಬೇಕು. ನೀವು ಕಲಿತದ್ದು ಸ್ಟೇರಿಂಗ್. ಕ್ಲಚ್ ಇನ್ನೂ ನಿಮ್ಮ ಕಾಲಿಗೆ ಬಂದೇ ಇಲ್ಲ. ತಪ್ಪು ನಿಮ್ಮದಲ್ಲ.

ನಾನು 24 ವರ್ಷ ಟೂರಿಸ್ಟ್ ಟ್ಯಾಕ್ಸಿ ಓಡಿಸಿದವ. ಸಂಪಾಜೆ, ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲೇ ಅರ್ಧ ಆಯುಷ್ಯ ಕಳೆದಿದ್ದೇನೆ. ಈಗ ಆರು ವರ್ಷದಿಂದ ಜನರಿಗೆ ಅವರದ್ದೇ ಕಾರಿನಲ್ಲಿ ಕಲಿಸುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ನಿಮ್ಮ ಹಾಗೆ ಕ್ಲಾಸ್ ಮುಗಿಸಿ, ಹೆದರಿ, ಕಾರಿಗೆ ಕವರ್ ಹಾಕಿ ಇಟ್ಟವರೇ.

ಒಂದು ವಾರ ಏರಿಗೆ ಹೋಗಬೇಡಿ. ಬೆಳಿಗ್ಗೆ ಆರು ಗಂಟೆಗೆ ಯಾವುದಾದರೂ ಸಮತಟ್ಟಾದ ಮೈದಾನಕ್ಕೆ ಹೋಗಿ. ದಪ್ಪ ಹಿಮ್ಮಡಿಯ ಚಪ್ಪಲಿ ಬೇಡ, ತೆಳು ಅಡಿಯ ಶೂ ಹಾಕಿ. ಒಂದನೇ ಗೇರ್ ಹಾಕಿ, ಬಲಗಾಲನ್ನು ಬ್ರೇಕಿನಿಂದ ತೆಗೆದು ಸುಮ್ನೆ ಇಡಿ, ಆಕ್ಸಿಲರೇಟರ್ ಮುಟ್ಟಲೇಬೇಡಿ. ಎಡಗಾಲಿನ ಹಿಮ್ಮಡಿ ನೆಲಕ್ಕೆ ಊರಿ ಕ್ಲಚ್ಚನ್ನು ನಿಧಾನ, ನಿಧಾನ ಬಿಡಿ. ಒಂದು ಕಡೆ ಎಂಜಿನ್ ಸದ್ದು ದಪ್ಪವಾಗುತ್ತದೆ. ಸೀಟಿನ ಕೆಳಗೆ ಸಣ್ಣಗೆ ನಡುಗಿದ ಹಾಗೆ ಆಗುತ್ತದೆ. ಗಾಡಿ ತೆವಳಲು ಶುರು ಮಾಡುತ್ತದೆ. ಕಾಲನ್ನು ಅಲ್ಲೇ ನಿಲ್ಲಿಸಿ. ಎರಡು ಎಣಿಸಿ. ಆಮೇಲೆ ಉಳಿದದ್ದು ಬಿಡಿ. ಮತ್ತೆ ಕ್ಲಚ್, ಬ್ರೇಕ್ ಒತ್ತಿ ನಿಲ್ಲಿಸಿ, ಮತ್ತೆ ಶುರು ಮಾಡಿ. ದಿನಕ್ಕೆ ಐವತ್ತು ಸಲ. ಆ ಜಾಗ ಒಂದೊಂದು ಗಾಡಿಯಲ್ಲಿ ಒಂದೊಂದು ಎತ್ತರದಲ್ಲಿ ಇರುತ್ತದೆ. ಸ್ಕೂಲಿನ ಕಾರಿನಲ್ಲಿ ಕಲಿತದ್ದು ಮನೆಯ ಕಾರಿಗೆ ಹಾಗೇ ಬರುವುದಿಲ್ಲ.

ಆಮೇಲೆ ನಿಮ್ಮ ಗೇಟಿನ ಏರು. ನಿಂತ ಕೂಡಲೇ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ. ಈಗ ಗಾಡಿಯನ್ನು ಹಿಡಿದಿರುವುದು ಹ್ಯಾಂಡ್ ಬ್ರೇಕ್, ನಿಮ್ಮ ಕಾಲಲ್ಲ. ಅವಸರ ಏನೂ ಇಲ್ಲ. ಒಂದನೇ ಗೇರ್. ಬಲಗಾಲಲ್ಲಿ ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಸದ್ದು ಒಂದೇ ಸಮ ಹಿಡಿಯಿರಿ. ಕ್ಲಚ್ ಆ ಜಾಗಕ್ಕೆ ಬಂದಾಗ ಬಾನೆಟ್ ಸ್ವಲ್ಪ ಮೇಲೆದ್ದು, ಗಾಡಿ ಹಿಂದಿನ ಕಾಲ ಮೇಲೆ ಕೂತ ಹಾಗೆ ಆಗುತ್ತದೆ. ಅದನ್ನು ನೋಡಿದ ಮೇಲೆಯೇ ಹ್ಯಾಂಡ್ ಬ್ರೇಕ್ ಇಳಿಸಿ. ಒಂದು ಇಂಚೂ ಹಿಂದೆ ಹೋಗುವುದಿಲ್ಲ. ಹೋದರೆ ಕ್ಲಚ್, ಬ್ರೇಕ್ ಎರಡನ್ನೂ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು ಮೊದಲಿನಿಂದ ಮಾಡಿ. ಹಿಂದಿನವರು ಕಾಯುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲೇ ಇದು ಇದೆ: ಕಡಿದಾದ ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಮತ್ತೆ ಹೊರಡಲು ಬರಬೇಕು ಅಂತ. ಸರ್ಕಾರವೇ ಪರೀಕ್ಷೆಗೆ ಇಟ್ಟಿದೆ ಅಂದರೆ ಇದು ಅಷ್ಟು ಸುಲಭದ ಕೆಲಸ ಅಲ್ಲ ಅಂತಲೇ ಅರ್ಥ.

ಲೈಸೆನ್ಸಿನ ಮಾತು. ನೀವು ಹೇಳಿದ ಬೇರೆ ಬೇರೆ ಲೈಸೆನ್ಸ್ ಎರಡು ಚಕ್ರಕ್ಕೆ ಮಾತ್ರ. ಕಾರಿಗೆ ಎಲ್‌ಎಂವಿ (ಲಘು ಮೋಟಾರು ವಾಹನ) ಒಂದೇ, ಗೇರ್ ಗಾಡಿಗೂ ಅದೇ, ಆಟೋಮ್ಯಾಟಿಕ್‌ಗೂ ಅದೇ.

ಎಎಂಟಿ ಬಗ್ಗೆ ನಿಮ್ಮ ತಮ್ಮ ಹೇಳಿದ್ದು ಅರ್ಧ ಸರಿ. ನಮ್ಮಲ್ಲಿ ಕಡಿಮೆ ಬೆಲೆಯ ಕಾರಿಗೆ ಎಎಂಟಿ ಬಂದದ್ದು 2014ರಲ್ಲಿ, ಸೆಲೆರಿಯೊದಲ್ಲಿ. ಕ್ಲಚ್ ಪೆಡಲ್ ಇಲ್ಲ, ಆದರೆ ಒಳಗೆ ಅದೇ ಕ್ಲಚ್ ಪ್ಲೇಟ್, ಅದೇ ಗೇರ್ ಬಾಕ್ಸ್. ನಿಮ್ಮ ಕಾಲು ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ ಅಷ್ಟೇ. ಬ್ರೇಕಿನಿಂದ ಕಾಲು ತೆಗೆದ ಮೇಲೂ ಗಾಡಿಯನ್ನು ಸ್ವಲ್ಪ ಹೊತ್ತು ತಾನೇ ಹಿಡಿಯುವ ಹಿಲ್ ಹೋಲ್ಡ್ ಇಲ್ಲದಿದ್ದರೆ ಅದೂ ಏರಿನಲ್ಲಿ ಜಾರುತ್ತದೆ. ಇದ್ದರೂ ಹಿಡಿಯುವುದು ಒಂದೆರಡು ಸೆಕೆಂಡ್. ತಗೊಳ್ಳುವುದಾದರೆ ನೀವು ತಗೊಳ್ಳುವ ಮಾಡೆಲ್ಲಿನಲ್ಲೇ ಅದು ಇದೆಯಾ ಅಂತ ಕೇಳಿ. ಟೆಸ್ಟ್ ಡ್ರೈವ್ ಶೋರೂಮ್ ಎದುರಿನ ರಸ್ತೆಯಲ್ಲಿ ಬೇಡ, ನಿಮ್ಮ ಗೇಟಿಗೇ ತರಿಸಿ. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿದಿಡುವ ಅಭ್ಯಾಸ ಬೇಡವೇ ಬೇಡ, ಪ್ಲೇಟ್ ಸುಟ್ಟುಹೋಗುತ್ತದೆ. ಇನ್ನೊಂದು, ಸುಮಾರು ಎಎಂಟಿಗಳಲ್ಲಿ ಪಾರ್ಕ್ ಮಾಡುವ ಪಿ ಇರುವುದಿಲ್ಲ. ಗೇರಿನಲ್ಲೇ ಆಫ್ ಮಾಡಿ ಹ್ಯಾಂಡ್ ಬ್ರೇಕ್ ಎಳೆಯಬೇಕು. ನಿಮ್ಮ ಊರಿನಲ್ಲಿ ನಾನಾದರೆ ಒಂದು ಕಲ್ಲೂ ಕೊಡುತ್ತೇನೆ.

ಹಾಸನದ_ಸೊಸೆ

ಅಕ್ಕ, ಪುತ್ತೂರಿನ ಅಣ್ಣ ಹೇಳಿದ್ದೆಲ್ಲ ಸರಿ. ಆದರೆ ನನ್ನ ಕಥೆ ಬೇರೆ, ಅದನ್ನೂ ಕೇಳಿ.

ನಾನು ಬೆಂಗಳೂರಿನಲ್ಲಿ ಇರುವುದು. ಗೇರ್ ಕಾರನ್ನು ಎರಡು ಸಲ ಕಲಿಯಲು ಹೋಗಿ ಎರಡು ಸಲವೂ ಬಿಟ್ಟೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಾಲ್ಕು ಅಡಿ ಮುಂದೆ ಹೋಗು, ನಿಲ್ಲು, ಮತ್ತೆ ನಾಲ್ಕು ಅಡಿ. ಕಾಲು, ಕೈ, ಕನ್ನಡಿ, ಪಕ್ಕದಿಂದ ನುಗ್ಗುವ ಬೈಕು, ಎಲ್ಲವನ್ನೂ ಒಟ್ಟಿಗೆ ನೋಡಲು ನನ್ನಿಂದ ಆಗಲಿಲ್ಲ. 46ನೇ ವಯಸ್ಸಿಗೆ ಆಟೋಮ್ಯಾಟಿಕ್ ತಗೊಂಡೆವು. ಕಾಲಿನ ಯೋಚನೆ ಹೋದ ಮೇಲೆಯೇ ನನ್ನ ಕಣ್ಣು ರಸ್ತೆಗೆ ಬಂದದ್ದು. ಆರು ವಾರದಲ್ಲಿ ಒಬ್ಬಳೇ ಆಫೀಸಿಗೆ ಹೋದೆ. ಹಾಗಾಗಿ ಆಟೋಮ್ಯಾಟಿಕ್‌ನಲ್ಲಿ ಕಲಿತರೆ ಕಲಿತ ಹಾಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಒಂದು ಎಚ್ಚರ ಮಾತ್ರ. ನೀವು ಈಗ ಎಡಗಾಲಿಗೆ ಕ್ಲಚ್ ಕಲಿಸಿದ್ದೀರಿ. ಆಟೋಮ್ಯಾಟಿಕ್‌ನಲ್ಲಿ ಆ ಕಾಲನ್ನು ಹಿಂದಕ್ಕೆ ಎಳೆದು ಇಟ್ಟುಬಿಡಿ, ಎರಡೂ ಪೆಡಲಿಗೆ ಬಲಗಾಲು ಒಂದೇ. ಮೊದಲ ವಾರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲಿಸಲು ಹೋದಾಗ ನನ್ನ ಎಡಗಾಲು ಕ್ಲಚ್ ಅಂತ ತಿಳಿದು ಬ್ರೇಕನ್ನು ಪೂರ್ತಿ ತುಳಿಯಿತು. ಗಾಡಿ ಹೊಡೆದ ಹಾಗೆ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಮಗಳ ಹಣೆ ಮುಂದಿನ ಸೀಟಿಗೆ ಬಡಿಯಿತು. ಆವತ್ತಿನಿಂದ ಹಿಂದೆ ಕೂರುವವರೂ ಬೆಲ್ಟ್ ಹಾಕದೆ ನಾನು ಗಾಡಿ ತೆಗೆಯುವುದಿಲ್ಲ.

ಇನ್ನೊಂದು ಹೇಳಬೇಕು. ಎರಡು ವರ್ಷದ ಹಿಂದೆ ದೀಪಾವಳಿಗೆ ಹಾಸನದ ಹತ್ತಿರ ನಮ್ಮ ಊರಿಗೆ ಬಸ್ಸಿನಲ್ಲಿ ಹೋಗಿದ್ದೆವು. ರಾತ್ರಿ ಮಾವ ಬಚ್ಚಲಲ್ಲಿ ಬಿದ್ದರು. ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ. ಅಂಗಳದಲ್ಲಿ ಗೇರಿನ ಓಮ್ನಿ ನಿಂತಿತ್ತು, ಕೀ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ನನ್ನ ಪರ್ಸಿನಲ್ಲಿ ಲೈಸೆನ್ಸ್ ಇತ್ತು. ಓಡಿಸಲು ಬರಲಿಲ್ಲ. ಪಕ್ಕದ ತೋಟದಿಂದ ಹುಡುಗ ಬರುವ ತನಕ ನಲವತ್ತು ನಿಮಿಷ ಮಾವನ ಕೈ ಹಿಡಿದು ಕೂತಿದ್ದೆ. ಮಾವ ಈಗ ಚೆನ್ನಾಗಿದ್ದಾರೆ. ಆದರೆ ಆ ಕೀ ಈಗಲೂ ಕಣ್ಣ ಮುಂದೆ ಬರುತ್ತದೆ. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಆ ಓಮ್ನಿಯಲ್ಲೇ ಕಲಿಯುತ್ತೇನೆ.

ಲೀಡ್ಸ್_ಕನ್ನಡಿಗ

ಒಂದು ಸಣ್ಣ ಮಾಹಿತಿ, ಓದುವ ಬೇರೆಯವರಿಗೂ ಉಪಯೋಗವಾಗಲಿ ಅಂತ. ಭಾರತದಲ್ಲಿ ಲೈಸೆನ್ಸ್ ಒಂದೇ, ನಿಜ. ಬ್ರಿಟನ್ನಿನಲ್ಲಿ ಹಾಗಲ್ಲ. ಇಲ್ಲಿ ಆಟೋಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಕೊಟ್ಟರೆ ಆಟೋಮ್ಯಾಟಿಕ್ ಮಾತ್ರ ಓಡಿಸಬಹುದು. ಗೇರ್ ಗಾಡಿ ಬೇಕಾದರೆ ಮತ್ತೆ ಟೆಸ್ಟ್. ಇಲ್ಲಿಗೆ ಬಂದು ನೆಲೆಸಿದವರು ನಮ್ಮ ಲೈಸೆನ್ಸಿನಲ್ಲಿ 12 ತಿಂಗಳು ಓಡಿಸಬಹುದು, ಆಮೇಲೆ ಇಲ್ಲಿಯದ್ದೇ ಟೆಸ್ಟ್ ಪಾಸಾಗಬೇಕು. ಊರಿನಲ್ಲಿ ಕಲಿತ ಕ್ಲಚ್ ನನಗೆ ಇಲ್ಲಿ ಟೆಸ್ಟಿಗೆ ತುಂಬಾ ಸಹಾಯ ಮಾಡಿತು.

ಮಡಿಕೇರಿ_ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ.

ಪುತ್ತೂರಿನ ಅಣ್ಣ, ನಿಮ್ಮ ಮಾತು ಓದಿ ಆ ಸ್ಕೂಲಿಗೆ ಹೋಗಿ ನೇರವಾಗಿ ಕೇಳಿದೆ. ಹೌದು ಮೇಡಂ, ಏರಿನಲ್ಲೆಲ್ಲ ಕ್ಲಚ್ ನಾನೇ ಹಿಡಿಯುತ್ತಿದ್ದೆ ಅಂದರು. ಬೇಜಾರಾಯಿತು. ಆದರೆ ಮನಸ್ಸು ಹಗುರವೂ ಆಯಿತು. ನನ್ನಿಂದ ಆಗುವುದಿಲ್ಲ ಅಂತ ಅಂದುಕೊಂಡಿದ್ದೆನಲ್ಲ, ಅದು ಸುಳ್ಳು ಅಂತ ಗೊತ್ತಾಯಿತು.

ಒಂಬತ್ತು ದಿನ ಮೈದಾನಕ್ಕೆ ಹೋದೆ. ಮೊದಲ ದಿನ ಹನ್ನೊಂದು ಸಲ ಆಫ್ ಆಯಿತು. ನಾಲ್ಕನೇ ದಿನ ಆ ಸದ್ದು ದಪ್ಪವಾಗುವುದು ಕಿವಿಗೆ ಸಿಕ್ಕಿತು. ನಮ್ಮ ಗಾಡಿಯಲ್ಲಿ ಕ್ಲಚ್ ತುಂಬಾ ಮೇಲೆ ಬಂದ ಮೇಲೆ ಹಿಡಿಯುತ್ತದೆ, ಸ್ಕೂಲಿನ ಕಾರಿನಲ್ಲಿ ಕೆಳಗೇ ಹಿಡಿಯುತ್ತಿತ್ತು.

ನಿನ್ನೆ ಬೆಳಿಗ್ಗೆ ಮಳೆ. ಗೇಟಿನ ಏರು ಹತ್ತಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದೆ. ಬಸ್ ಬಂತು, ಹೋಗಲಿ ಅಂತ ಕಾದೆ. ಒಂದನೇ ಗೇರ್ ಹಾಕಿ ನಿಧಾನ ಕ್ಲಚ್ ಬಿಟ್ಟೆ. ವೈಪರ್ ಆಚೆ ಬಾನೆಟ್ ಸ್ವಲ್ಪ ಮೇಲೆದ್ದದ್ದು ಕಂಡಿತು, ನೀವು ಹೇಳಿದ ಹಾಗೆಯೇ. ಹ್ಯಾಂಡ್ ಬ್ರೇಕ್ ಇಳಿಸಿದೆ. ಗಾಡಿ ಮುಂದೆ ಹೋಯಿತು. ನಮ್ಮನೆಯವರು ಏನೂ ಮಾತಾಡಲಿಲ್ಲ, ಬಾಗಿಲಿನ ಹಿಡಿಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಶಾಲೆಯ ತನಕ ನಾನೇ ಓಡಿಸಿದೆ. ನೋಟ್‌ಬುಕ್ಕುಗಳು ಹಿಂದಿನ ಸೀಟಿನಲ್ಲಿ ಕವರ್ ಇಲ್ಲದೆ ಒಣಗಿಯೇ ಇದ್ದವು.

ಹಾಸನದ ಅಕ್ಕ, ನಿಮ್ಮ ಓಮ್ನಿ ಕಥೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಟೆಸ್ಟ್ ಗೇರ್ ಗಾಡಿಯಲ್ಲೇ ಕೊಡುತ್ತೇನೆ. ಎಎಂಟಿ ತಗೊಳ್ಳುವ ಮಾತು ಮುಂದಿನ ವರ್ಷ ನೋಡೋಣ ಅಂತ ಬಿಟ್ಟಿದ್ದೇವೆ.

ಅಣ್ಣ, ಇನ್ನೊಂದು ಕೇಳಲಾ? ಇಲ್ಲಿ ಈಗ ಬೆಳಿಗ್ಗೆ ಪೂರ್ತಿ ಮಂಜು. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಕಂಡ ಹಾಗೆ ಆಗುತ್ತದೆ. ಏನು ಮಾಡುವುದು?

ಪುತ್ತೂರಿನ_ಹಳದಿ_ಬೋರ್ಡ್

ತುಂಬಾ ಖುಷಿಯಾಯಿತು ಟೀಚರೇ. ಮಂಜಿನಲ್ಲಿ ಹೈ ಬೀಮ್ ಬೇಡ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಡಿಮ್‌ನಲ್ಲೇ ಹೋಗಿ, ಫಾಗ್ ಲ್ಯಾಂಪ್ ಇದ್ದರೆ ಅದನ್ನೂ ಹಾಕಿ. ರಸ್ತೆಯ ಎಡಬದಿಯ ಬಿಳಿ ಗೆರೆ ನೋಡಿಕೊಂಡು ಎರಡನೇ ಗೇರಿನಲ್ಲಿ ನಿಧಾನ ಹೋಗಿ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಬೇಡಿ, ನೀವು ಯಾವ ಕಡೆ ತಿರುಗುತ್ತೀರಿ ಅಂತ ಹಿಂದಿನವರಿಗೆ ಗೊತ್ತಾಗುವುದಿಲ್ಲ. ಕಾಣುವುದೇ ಇಲ್ಲ ಅಂದರೆ ರಸ್ತೆ ಬಿಟ್ಟು ಪೂರ್ತಿ ಪಕ್ಕಕ್ಕೆ ಇಳಿಸಿ ನಿಲ್ಲಿಸಿ, ಆಗ ಹಾಕಿ. ಟೆಸ್ಟ್ ಯಾವಾಗ ಅಂತ ಇಲ್ಲೇ ಬರೆಯಿರಿ.