ಸೆಟಲ್ಮೆಂಟ್ ಮಾಡ್ಕೊಂಡ್ರೆ ಸಿಬಿಲ್ (ನಮ್ಮ ಸಾಲ ಕಟ್ಟಿದ ದಾಖಲೆ ತೋರ್ಸೋ ರಿಪೋರ್ಟ್) ಕತೆ ಏನು?

ಅಡಿಕೆತೋಟ_ಶಿರಸಿ: ಕ್ರೆಡಿಟ್ ಕಾರ್ಡ್ ಬಾಕಿ ಬಡ್ಡಿ ಸೇರಿ 84 ಸಾವಿರ ಆಗಿ ಕೂತದೆ. ಹೋದ ವರ್ಷ ಕೊಳೆರೋಗ ಬಂದು ಅಡಿಕೆ ಕೈಕೊಡ್ತು, ಅಲ್ಲಿಂದ ಕಟ್ಟೋಕೇ ಆಗ್ಲಿಲ್ಲ, ಈಗ ರಿಕವರಿಯವ್ರು ದಿನಾ ಫೋನ್ ಮಾಡಿ 40 ಕಟ್ಟಿ ಮುಗಿಸ್ಕೊಳ್ಳಿ ಅಂತಾರೆ. ಮುಂದೆ ಮನೆ ಸಾಲಕ್ಕೆ ತೊಂದ್ರೆ ಆಗ್ತದಾ?

ಕಾರವಾರದವ: ಆಗ್ತದೆ ಮಾರಾಯ್ರೆ. ರಿಪೋರ್ಟಲ್ಲಿ 'ಕ್ಲೋಸ್ಡ್' ಬರೋದಿಲ್ಲ, 'ಸೆಟಲ್ಡ್' ಅಂತ ಬೀಳ್ತದೆ, ಅಂದ್ರೆ ಪೂರ್ತಿ ಕಟ್ಟಿಲ್ಲ ಅಂತ. ನಾನು ಸೆಟಲ್ ಮಾಡಿ ಮೂರು ವರ್ಷ ಆದ್ಮೇಲೆ ಬೈಕ್ ಸಾಲಕ್ಕೆ ಹೋದ್ರೆ ಮ್ಯಾನೇಜರ್ ಆ ಒಂದೇ ಸಾಲು ತೋರ್ಸಿ ವಾಪಸ್ ಕಳಿಸಿದ್ರು.

ಘಟ್ಟದ_ಕೆಳಗೆ: ಹಾಗಂತ ಕಟ್ಟದೇ ಬಿಟ್ರೆ 'ರಿಟನ್ ಆಫ್', ಅಂದ್ರೆ ವಸೂಲಾಗದ ಸಾಲ ಅಂತ ಬರ್ತದೆ, ಅದು ಇನ್ನೂ ಕೆಟ್ಟದ್ದು. ಅಸಲು ಪೂರ್ತಿ ಕಂತಲ್ಲಿ ಕಟ್ತೇನೆ ಬಡ್ಡಿ ಬಿಡಿ ಅಂತ ಬ್ಯಾಂಕಿಗೇ ಹೋಗಿ ಕೇಳಿ ನೋಡಿ, ಆದ್ರೂ ರಿಪೋರ್ಟಲ್ಲಿ ಏನಂತ ಹಾಕ್ತಾರೆ ಅಂತ ಬರಹದಲ್ಲಿ ತಗೊಳ್ಳಿ, ಫೋನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಈಗ ಸೆಟಲ್ ಮಾಡಿದ್ರೂ ಮುಂದೆ ಕೈಲಿ ದುಡ್ಡಾದಾಗ ಉಳಿದದ್ದು ಕಟ್ಟಿ ಎನ್‌ಒಸಿ (ಬಾಕಿ ಇಲ್ಲ ಅಂತ ಬ್ಯಾಂಕ್ ಕೊಡೋ ಪತ್ರ) ತಗೊಂಡು 'ಕ್ಲೋಸ್ಡ್' ಮಾಡಿಸ್ಲಿಕ್ಕೆ ಕೇಳ್ಬಹುದು. ರಿಪೋರ್ಟ್ ವರ್ಷಕ್ಕೊಂದು ಸಲ ಫ್ರೀ. ಅದ್ರಲ್ಲಿ ಏನಾದ್ರೂ ತಪ್ಪು ಇದ್ರೆ ದೂರು ಕೊಡಿ, 30 ದಿನದೊಳಗೆ ಬಗೆಹರಿಸ್ಬೇಕು, ತಡ ಆದ್ರೆ ದಿನಕ್ಕೆ 100 ರೂಪಾಯಿ ನಿಮ್ಗೇ ಕೊಡ್ಬೇಕು.

ಅಡಿಕೆತೋಟ_ಶಿರಸಿ: ಅಡ್ಡಿಲ್ಲ, ಸೋಮವಾರ ಬ್ಯಾಂಕಿಗೆ ಹೋಗಿ ಬರ್ತೆ.