ನವೋದಯ ಪರೀಕ್ಷಾ: ಭಾಷಾದಾಗ 20ಕ್ಕ 12ರ ಮ್ಯಾಲ ಏರವಲ್ದು, ಅನುಭವ ಇದ್ದವ್ರು ಹೇಳ್ರಿ

ಮುದ್ದೇಬಿಹಾಳ ಅಪ್ಪ
ಎಲ್ಲಾರಿಗೂ ನಮಸ್ಕಾರ್ರಿ. ಮಗಳು ಐದನೇತ್ತಾ, ಸರಕಾರಿ ಕನ್ನಡ ಸಾಲಿ. ನವೋದಯ (ಕೇಂದ್ರ ಸರಕಾರದ ವಸತಿ ಸಾಲಿ) ಆರನೇತ್ತಾ ಪ್ರವೇಶ ಪರೀಕ್ಷಾಕ್ಕ ಇನ್ನ ನಾಕ ತಿಂಗಳ ಅದಾವ. ಮಾನಸಿಕ ಸಾಮರ್ಥ್ಯ 40ಕ್ಕ 35 ಮಾಡತಾಳ, ಅಂಕಗಣಿತ 20ಕ್ಕ 16. ಭಾಷಾದಾಗ ನಾಕ ಗದ್ಯಭಾಗ, 20 ಪ್ರಶ್ನಿ, ಅಲ್ಲಿ ಮಾತ್ರ 11–12ಕ್ಕ ನಿಂತಾಳ. ಓದಂದ್ರ ಪಟಪಟ ಓದತಾಳ, ಪ್ರಶ್ನಿ ಬಂತಂದ್ರ ತಪ್ಪತಾಳ. ಮೂರು ಮಾತು ಕೇಳೂದದ. ಕೋಚಿಂಗಿಗೆ ಹಾಕೂದೋ, ಮನ್ಯಾಗ ಮಾಡಸೂದೋ? ದಿನಕ್ಕ ಎಷ್ಟ ಪ್ಯಾರಾ? ಫಾರ್ಮ್ ತುಂಬೂದದ, ಮಾಧ್ಯಮ ಕನ್ನಡ ಹಾಕ್ಲೋ ಇಂಗ್ಲಿಷ್ ಹಾಕ್ಲೋ?

ಸಿಂದಗಿ ಕಟಕ್ ರೊಟ್ಟಿ
ಮೊದಲ ಕೋಚಿಂಗಿನ ಲೆಕ್ಕ ತೊಗೋರಿ. ನಾವು ಹಾಕಿದ್ದು ವಿಜಯಪುರದಾಗ ವಸತಿ ಕೋಚಿಂಗಿಗೆ, ಹತ್ತು ತಿಂಗಳು. ಫೀ 72,000. ಗಾದಿ, ಟ್ರಂಕ್, ಎರಡ ಜೋಡಿ ಸಮವಸ್ತ್ರ 6,500. ‘ಮಟೀರಿಯಲ್’ ಅಂತ ಝೆರಾಕ್ಸ್ ಹಾಳಿ ಗಂಟಿಗೆ 4,800. ಹೋಗಿಬರೂ ಬಸ್ಸು, ಕೈಯಾಗ ಒಯ್ಯೂ ತಿನಿಸು ಎಲ್ಲಾ ಕೂಡಿ 9,000. ಒಟ್ಟು 92,300. ಇಷ್ಟಕ್ಕ ಭಾಷಾ ಎಷ್ಟ ತಾಸು? ವಾರಕ್ಕ ಮೂರ. ಯಾಕ ಅಂತ ಕೇಳಿದ್ರ, ಮಾನಸಿಕದ 40 ಪ್ರಶ್ನಿಗೆ 50 ಅಂಕ, ಭಾಷಾದ 20 ಪ್ರಶ್ನಿಗೆ 25 ಅಂದ್ರು. ಅಂಕ ಅರ್ಧ ಆದ್ರ ತಾಸೂ ಅರ್ಧ ಇರಬೇಕಲ್ರೀ?

ಆ ಮೂರ ತಾಸಿನಾಗ ನಡ್ಯೂದ ಇಷ್ಟ: ಎಂಟು ಪ್ಯಾರಾ ಕೊಡೂದು, ಕೀ ಉತ್ತರ ಒದರೂದು, ಟಿಕ್ ಹಾಕಸೂದು. ತಪ್ಪಾದದ್ದು ಯಾಕ ತಪ್ಪಾತು ಅಂತ ಒಂದಿನಾ ಹೇಳಂಗಿಲ್ಲ. ಅವ ಪ್ಯಾರಾ ತಿರಗಾ ಮುರಗಾ ಬರತಾವ. ಮೂರನೇ ಸಲ ಬರೂದ್ರಾಗ ಹುಡುಗರಿಗೆ ‘ನರಿ ಬಂತು, ಉತ್ತರ ಸಿ’ ಅಂತ ಬಾಯಿಪಾಠ. ಅಲ್ಲಿ 19 ಬಿದ್ದದ್ದು ಹೊಸಾ ಪ್ಯಾರಾದಾಗ 12ಕ್ಕ ಇಳಿತದ. ನೀವು ಯಾವ ಕೋಚಿಂಗಿಗೆ ಹೋದ್ರೂ ಪತ್ರಿಕಿಯ ಮಕ್ಕಳ ಪುಟದಿಂದ ಒಂದು ಪ್ಯಾರಾ ಕತ್ತರಿಸಿ ಒಯ್ದು, ಅಲ್ಲಿ ಆರ ತಿಂಗಳ ಕಲಿತ ಹುಡುಗನ ಕೈಯಾಗ ಕೊಟ್ಟ ನೋಡ್ರಿ. ಆಮ್ಯಾಲೆ ರೊಕ್ಕ ಎಣಸ್ರಿ.

ತಾಳಿಕೋಟಿ ಮಾಸ್ತರ
ಸಿಂದಗಿಯವರೇ, ಒಂದು ಕೆಟ್ಟ ಅಂಗಡಿ ನೋಡಿ ಇಡೀ ಬಜಾರಕ್ಕೆ ಬೈಯಬೇಡಿ. ಪ್ಯಾರಾ ಮನೆಯಲ್ಲೂ ಓದಿಸಬಹುದು. ಆದರೆ ಎರಡು ತಾಸು ಅಲುಗಾಡದೆ ಕುಳಿತು, 80 ಪ್ರಶ್ನೆ ಬಿಡಿಸಿ, ಓಎಮ್‌ಆರ್ (ಉತ್ತರದ ವೃತ್ತಗಳಿರುವ ಹಾಳೆ) ತುಂಬುವ ರೂಢಿ ಮನೆಯಲ್ಲಿ ಆಗುವುದಿಲ್ಲ. ಪರೀಕ್ಷೆ 11:30ಕ್ಕೆ ಶುರು, 1:30ಕ್ಕೆ ಮುಗಿಯುತ್ತದೆ. ಭಾಷೆ 61ರಿಂದ 80ರವರೆಗೆ, ಕೊನೆಗೆ. ಅಂದರೆ ಹತ್ತು ವರ್ಷದ ಮಗು ಗದ್ಯಭಾಗಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ, ಹೊಟ್ಟೆ ಚುರ್ ಅನ್ನುತ್ತಿರುತ್ತದೆ. ಮನೆಯಲ್ಲಿ ಬೆಳಗ್ಗೆ ಆರಕ್ಕೆ ತಾಜಾ ತಲೆಯಲ್ಲಿ ಓದಿಸಿ 17 ಬಂತು ಎಂದು ಹಿಗ್ಗುವವರು ಇದನ್ನು ಮರೆಯುತ್ತಾರೆ. ಭಾಷೆಯ ಅಭ್ಯಾಸ ಒಂದು ಗಂಟೆಗೇ ಮಾಡಿಸಿ, ಅದೂ 60 ಪ್ರಶ್ನೆ ಬಿಡಿಸಿದ ಮೇಲೆ.

ವೇಳೆಯ ಲೆಕ್ಕ: ಭಾಷೆಗೆ 30 ನಿಮಿಷ. ಗದ್ಯಕ್ಕೆ ಏಳರಂತೆ 28, ಉಳಿದ ಎರಡು ನಿಮಿಷ ಓಎಮ್‌ಆರ್ ತಪಾಸಣೆಗೆ. ಐದೈದು ಪ್ರಶ್ನೆ ಮುಗಿದ ಕೂಡಲೇ ವೃತ್ತ ತುಂಬಬೇಕು: 61–65, 66–70, 71–75, 76–80. ಇಪ್ಪತ್ತನ್ನೂ ಕೊನೆಗೆ ತುಂಬುತ್ತೇನೆ ಅಂದರೆ ನಡುವೆ ಒಂದು ಬಿಟ್ಟದ್ದು ಗೊತ್ತಾಗದೆ ಮುಂದಿನದೆಲ್ಲ ಒಂದೊಂದು ಮನೆ ಸರಿಯುತ್ತದೆ. ಬಾಲ್ ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸುವಂತಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಒಂದನ್ನೂ ಖಾಲಿ ಬಿಡಬಾರದು. ಇನ್ನೊಂದು: ಪ್ರಶ್ನೆ ಮೊದಲು ಓದಿಸಿ, ಪ್ಯಾರಾ ಆಮೇಲೆ. ಎರಡು ನಿಮಿಷ ಉಳಿಯುತ್ತದೆ.

ಬಾದಾಮಿ ಅಕ್ಕೋರು
ಪ್ರಶ್ನೆ ಮೊದಲು ಓದುವ ಉಪಾಯ ದೊಡ್ಡವರದು ಸರ್. ಐದನೆಯ ತರಗತಿಯ ಮಗು ಐದು ಪ್ರಶ್ನೆ, ಇಪ್ಪತ್ತು ಆಯ್ಕೆ ತಲೆಯಲ್ಲಿ ಹೊತ್ತುಕೊಂಡು ಪ್ಯಾರಾಕ್ಕೆ ಇಳಿದರೆ ಪದ ಹುಡುಕುತ್ತದೆ, ಓದುವುದಿಲ್ಲ. ಶೀರ್ಷಿಕೆ ಕೇಳುವ ಪ್ರಶ್ನೆ, ‘ಇದರಿಂದ ತಿಳಿಯುವುದೇನು’ ಎಂಬ ಪ್ರಶ್ನೆ, ಎರಡೂ ಆಗ ಹೋದಂತೆಯೇ.

ದಿನಕ್ಕೆ ಎರಡು ಪ್ಯಾರಾ ಸಾಕು. ಒಂದೊಂದಕ್ಕೂ 25 ನಿಮಿಷ. ಏಳು ನಿಮಿಷ ಗಡಿಯಾರ ಇಟ್ಟು ಬಿಡಿಸುವುದು, ಉಳಿದ 18 ನಿಮಿಷ ತಪ್ಪಿನ ಪಂಚನಾಮೆ. ಪ್ರತಿ ಉತ್ತರಕ್ಕೂ ಆಧಾರದ ಸಾಲಿನ ಕೆಳಗೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ಪ್ರಶ್ನೆಯ ಸಂಖ್ಯೆ. ಗೆರೆ ಇಲ್ಲದ ಉತ್ತರ ಸರಿ ಇದ್ದರೂ ಸೊನ್ನೆ. ಪಟಪಟ ಓದುವ ಮಕ್ಕಳಿಗೆ ಇದೊಂದೇ ಮದ್ದು. ಓದಿನ ವೇಗ ಬಾಯಿಯದು, ಅರ್ಥ ಇನ್ನೂ ಹಿಂದಿನ ಸಾಲಿನಲ್ಲೇ ಇರುತ್ತದೆ. ತರಗತಿಯಲ್ಲಿ ಕೊಡುವ ಒಂದು ಪ್ಯಾರಾ ನೋಡಿ:

“ಇಳಕಲ್ ಸೀರೆಗೆ ಹತ್ತಿಯಲ್ಲದೆ ರೇಷ್ಮೆಯನ್ನೂ ಬಳಸುತ್ತಾರೆ. ಒಡಲಿನ ಹಾಸು (ಉದ್ದನೆಯ ಎಳೆ) ಹತ್ತಿಯದು, ಸೆರಗಿನದು ರೇಷ್ಮೆಯದು. ಇವೆರಡನ್ನೂ ಕೊಂಡಿ ಹಾಕಿ ಜೋಡಿಸುವುದೇ ಇದರ ವೈಶಿಷ್ಟ್ಯ. ಒಂದು ಸೀರೆಗೆ ಸಾಲುವಷ್ಟೇ ಹಾಸು ಹೂಡುವುದರಿಂದ ಇನ್ನೊಂದು ಬೇಕೆಂದರೆ ಮತ್ತೆ ಹೊಸದಾಗಿ ಹೂಡಬೇಕು.”

ನಾಲ್ಕೇ ವಾಕ್ಯ. ಎಡವುವ ಜಾಗ ಐದು. ‘ಹತ್ತಿಯಲ್ಲದೆ’ ಎಂಬುದರಲ್ಲಿ ‘ಅಲ್ಲ’ ಕಂಡ ಮಗು ‘ರೇಷ್ಮೆ ಮಾತ್ರ’ ಎಂದು ಗುರುತು ಹಾಕುತ್ತದೆ. ಅಲ್ಲದೆ, ಹೊರತು, ವಿನಾ, ಆದಾಗ್ಯೂ — ಈ ನಾಲ್ಕಕ್ಕೆ ಒಂದು ವಾರ ಬೇಕೇ ಬೇಕು. ‘ಒಡಲು’ ಪದದ ಅರ್ಥ ಕೇಳಿದರೆ ಆಯ್ಕೆಯಲ್ಲಿ ‘ಹೊಟ್ಟೆ’ ಇರುತ್ತದೆ. ನಿಘಂಟಿಗೆ ಅದು ಸರಿ, ಈ ಪ್ಯಾರಾಕ್ಕೆ ತಪ್ಪು. ಇಲ್ಲಿ ಸೀರೆಯ ನಡುಭಾಗ. ‘ಇವೆರಡನ್ನೂ’ ಅಂದರೆ ಯಾವೆರಡು? ಬೆರಳಿಟ್ಟು ಹಿಂದಕ್ಕೆ ಹೋಗಿ ತೋರಿಸಬೇಕು. ಹೊಸ ಹಾಸು ಏಕೆ ಎಂದರೆ ‘ರೇಷ್ಮೆ ದುಬಾರಿ’ ಎಂಬ ಆಯ್ಕೆ ಸೆಳೆಯುತ್ತದೆ. ಮಾತು ನಿಜ, ಆದರೆ ಪ್ಯಾರಾದಲ್ಲಿ ಎಲ್ಲಿದೆ? ಕೊನೆಯದು ಶೀರ್ಷಿಕೆ: ‘ಭಾರತದ ಕೈಮಗ್ಗ’ ಹೆಚ್ಚಾಯಿತು, ‘ಸೆರಗಿನ ರೇಷ್ಮೆ’ ಕಡಿಮೆಯಾಯಿತು, ‘ಇಳಕಲ್ ಸೀರೆಯ ನೇಯ್ಗೆ’ ಅಳತೆಗೆ ಕೂತಿತು.

ತಪ್ಪನ್ನು ಈ ಐದು ಕಂಬದ ಪಟ್ಟಿಯಲ್ಲಿ ಬರೆದಿಡಿ: ನಿಷೇಧ, ಪದ, ಸರ್ವನಾಮ, ಹೊರಗಿನ ತಿಳಿವಳಿಕೆ, ಶೀರ್ಷಿಕೆ. ಹದಿನೈದು ದಿನದಲ್ಲಿ ಯಾವ ಕಂಬ ಉದ್ದವಾಯಿತೋ ಅದಕ್ಕಷ್ಟೇ ಅಭ್ಯಾಸ ಕೊಡಿ. ಸರ್ವನಾಮದಲ್ಲಿ ‘ತನ್ನ’ ಮರೆಯಬೇಡಿ. “ರಾಜು ಅಣ್ಣನಿಗೆ ತನ್ನ ಸೈಕಲ್ ಕೊಟ್ಟ” — ಸೈಕಲ್ ರಾಜುವಿನದು. ಹತ್ತರಲ್ಲಿ ಆರು ಮಕ್ಕಳು ಅಣ್ಣನದು ಅನ್ನುತ್ತಾರೆ.

ಚಿಕ್ಕೋಡಿ ಕಬ್ಬು
ಇಷ್ಟೆಲ್ಲಾ ಒಡ್ಯಾಡೂದು ಯಾಕ? ಮಾಧ್ಯಮ ಇಂಗ್ಲಿಷ್ ಹಾಕ್ರಿ. ವಾಕ್ಯ ಸಣ್ಣು, ಪುಸ್ತಕ ಬೇಕಾದಷ್ಟು, ಮುಂದ ಗಣಿತ-ವಿಜ್ಞಾನ ಹೆಂಗೂ ಇಂಗ್ಲಿಷ್‌ದಾಗ. ನಮ್ಮ ಗಡಿ ಕಡೆ ಮನ್ಯಾಗ ಮರಾಠಿ, ಸಾಲ್ಯಾಗ ಕನ್ನಡ. ಎರಡೂ ಅರ್ಧಮರ್ಧ, ಅದಕ್ಕ ಮೂರನೇದ್ದು ಹಿಡದದ್ದು. ದಿನಕ್ಕ ಹತ್ತು ಪದ, ಒಂದೊಂದು ಒಂದು ವಾಕ್ಯದಾಗ ಇಟ್ಟು. ನಾಕ ತಿಂಗಳಿಗೆ 1,200 ಪದ. ಸೈನಿಕ ಸಾಲಿಗೂ ಅದ ಉಪಯೋಗ.

ಬಾದಾಮಿ ಅಕ್ಕೋರು
ಚಿಕ್ಕೋಡಿ ಅಣ್ಣ, ಮಾಧ್ಯಮ ಬದಲಾದರೆ ಭಾಷೆ ಮಾತ್ರ ಬದಲಾಗುವುದಿಲ್ಲ, ಪತ್ರಿಕೆಯೇ ಬದಲಾಗುತ್ತದೆ. ಲ.ಸಾ.ಅ. ಹೋಗಿ ಎಲ್‌ಸಿಎಮ್, ಶೇಷ ಹೋಗಿ ರಿಮೈಂಡರ್. ಗಣಿತದಲ್ಲಿ 16 ತೆಗೆಯುವ ಹುಡುಗಿಯನ್ನು 10ಕ್ಕೆ ಇಳಿಸಿ ಭಾಷೆಯಲ್ಲಿ ಎರಡು ಗಳಿಸಿದರೆ ಏನು ಬಂತು? ಎರಡನೆಯ ಸಲ ಬರೆಯಲು ಅವಕಾಶವೂ ಇಲ್ಲ.

ಚಿಕ್ಕೋಡಿ ಕಬ್ಬು
ಅಕ್ಕೋರ, ಸರಕಾರಿ ಸಾಲ್ಯಾಗ ಮೂರನೇತ್ತಾ ತನಕ ನಲಿ-ಕಲಿ ಕಾರ್ಡ್ ಹಿಡದು ಕುಂತ ಹುಡುಗರಿಗೆ ಒಂದ ಪುಟ ಗದ್ಯ ನೋಡಿದ್ರ ಜ್ವರ ಬರತದ. ಅದನ್ನ ಮೊದಲ ಹೇಳ್ರಿ.

ಬಾದಾಮಿ ಅಕ್ಕೋರು
ಕಾರ್ಡಿಗೆ ಬೈಯುವ ಮೊದಲು ಮನೆಯಲ್ಲಿ ಮೊಬೈಲ್ ಬಿಟ್ಟು ಇನ್ನೇನು ಓದಲು ಇಟ್ಟಿದ್ದೀರಿ ಹೇಳಿ. ದೊಡ್ಡ ಗದ್ಯಕ್ಕೆ ಹೆದರುವ ಮಕ್ಕಳಿಗೆ ಪರಿಸರ ಅಧ್ಯಯನದ ಪಾಠವನ್ನೇ 100–120 ಪದದ ತುಂಡು ಮಾಡಿ ಕೊಡಿ. ಎರಡು ನಿಮಿಷದಲ್ಲಿ ಮುಗಿಯದಿದ್ದರೆ ಒತ್ತಕ್ಷರದಲ್ಲಿ ತೊಡಕಿದೆ ಎಂದರ್ಥ: ವೈಶಿಷ್ಟ್ಯ, ಔನ್ನತ್ಯ, ಸ್ವಾತಂತ್ರ್ಯ. ಅದನ್ನು ಬಾಯಿಬಿಟ್ಟು ಓದಿಸಿಯೇ ಸರಿಪಡಿಸಬೇಕು.

ಇಳಕಲ್ ಮಗ್ಗ
ನಡುವ ಬಾಯಿ ಹಾಕತೀನಿ, ಸಿಟ್ಟಾಗಬ್ಯಾಡ್ರಿ. ಅಕ್ಕೋರ ಪ್ಯಾರಾ ಅರ್ಧ ಅದ. ಒಡಲೂ ರೇಷ್ಮಿ ಇರೂ ಸೀರಿ ನೇಯತೇವಿ ನಾವು. ಕೊಂಡಿ ಅಂದ್ರ ಬರೇ ಗಂಟಲ್ಲ, ಒಡಲಿನ ಒಂದೊಂದು ಎಳಿಗೆ ಸೆರಗಿನ ಒಂದೊಂದು ಎಳಿ ಸಿಗಸಬೇಕು. ಸೆರಗಿನ ‘ಟೋಪ ತೆನಿ’ ವಿನ್ಯಾಸದ ಮಾತ ಇಲ್ಲ. ಹುಡುಗರಿಗೆ ತಪ್ಪ ಕಲಸಬ್ಯಾಡ್ರಿ.

ಬಾದಾಮಿ ಅಕ್ಕೋರು
ನೀವು ಹೇಳಿದ್ದು ನೂರಕ್ಕೆ ನೂರು ಸರಿ ಅಣ್ಣಾರೆ. ಆದರೆ ನಿಮ್ಮ ಮನೆಯ ಹುಡುಗಿಯೇ ಈ ಪ್ಯಾರಾದಲ್ಲಿ ಮೊದಲು ತಪ್ಪುವುದು. ‘ಒಡಲಿನ ಹಾಸು ಯಾವುದು’ ಅಂದರೆ ಮಗ್ಗ ನೆನಪಾಗಿ ‘ಎರಡೂ ಇರಬಹುದು’ ಅನ್ನುತ್ತಾಳೆ. ಪರೀಕ್ಷೆಯಲ್ಲಿ ಉತ್ತರ ಪ್ಯಾರಾದ್ದು, ಮಗ್ಗದ್ದಲ್ಲ.

ಗುಳೇದಗುಡ್ಡ ಖಣ
ಇಳಕಲ್ಲಿನವ್ರು ಎಲ್ಲಿ ಹೋದ್ರೂ ಸೀರಿದ ಸುದ್ದಿ. ಕುಬಸದ ಖಣದ ಮ್ಯಾಲೂ ಒಂದು ಪ್ಯಾರಾ ಬರೀರಿ ಅಕ್ಕೋರ.

ಇಳಕಲ್ ಮಗ್ಗ
ಸೀರಿ ಇಲ್ದ ಖಣ ಏನ್ ಮಾಡ್ತೀರಿ? ಪ್ಯಾರಾ ಹಂಗ ಇರಲಿ, ಬರೇ ‘ಕೆಲವು ಸೀರೆಗಳಲ್ಲಿ’ ಅಂತ ಎರಡ ಪದ ಸೇರಸ್ರಿ.

ತಾಳಿಕೋಟಿ ಮಾಸ್ತರ
ನೇಕಾರರೇ, ಸಂತೆ ಬೇರೆ ಕಡೆ ಹಚ್ಚಿ. ಆ ‘ಕೆಲವು’ ಪದ ಮಾತ್ರ ಒಳ್ಳೆಯ ಸೂಚನೆ: ಎಲ್ಲ, ಕೆಲವು, ಯಾವಾಗಲೂ, ಮಾತ್ರ. ಪ್ಯಾರಾದಲ್ಲಿ ‘ಕೆಲವು’ ಇದ್ದು ಆಯ್ಕೆಯಲ್ಲಿ ‘ಎಲ್ಲ’ ಇದ್ದರೆ ಆ ಆಯ್ಕೆ ಹೊಡೆದು ಹಾಕಿ. ಚಿಕ್ಕೋಡಿಯವರು ಸೈನಿಕ ಶಾಲೆ ಎಳೆದು ತಂದಿದ್ದಕ್ಕೆ ಒಂದು ಮಾತು: ಆರನೆಯ ತರಗತಿಯ ಆ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. 125 ಪ್ರಶ್ನೆ, 300 ಅಂಕ. ಗಣಿತಕ್ಕೇ 150, ಭಾಷೆಗೆ 25 ಪ್ರಶ್ನೆ 50 ಅಂಕ. ಅಲ್ಲಿ ಗದ್ಯದ ಜೊತೆ ವ್ಯಾಕರಣವೂ ಬರುತ್ತದೆ. ಇದರ ತಯಾರಿಯನ್ನೇ ಅಲ್ಲಿಗೆ ಹೊತ್ತುಕೊಂಡು ಹೋದರೆ ಸಾಲದು.

ಸಿಂದಗಿ ಕಟಕ್ ರೊಟ್ಟಿ
ಇನ್ನೊಂದು ಕಿವಿಮಾತು. ದಣಿವಿಗೆ ಮದ್ದು ಅಂತ ‘ಭಾಷಾ ಮೊದಲ ಬಿಡಸ್ರಿ’ ಅನ್ನೂ ಮಾಸ್ತರಗೋಳು ಅದಾರ. ಹುಡುಗ 61ನೇದ್ದರ ಉತ್ತರ 1ನೇ ಮನ್ಯಾಗ ತುಂಬಿದ್ರ ಗತಿ ಏನು? ಹಂಗ ಮಾಡಸೂದಿದ್ರ ಮನ್ಯಾಗ 30 ಓಎಮ್‌ಆರ್ ಹಾಳಿ ಕೆಡಸಿ ರೂಢಿ ಮಾಡ್ರಿ. ಹಾಳಿಗೆ ಎರಡ ರೂಪಾಯಿ, 60 ರೂಪಾಯಿದಾಗ ಮುಗೀತು. ನಮ್ಮ 4,800ರ ಗಂಟಿನಾಗ ಅವು ಐದ ಇದ್ದೂ.

ತಾಳಿಕೋಟಿ ಮಾಸ್ತರ
ನನಗೇ ಕುಟುಕಿದಿರಿ ಅಂತ ಗೊತ್ತಾಯಿತು. ಭಾಷೆ ಮೊದಲು ಅಂತ ನಾನು ಎಲ್ಲೂ ಹೇಳಿಲ್ಲ. ಮೇಲೆ ಹೋಗಿ ಮತ್ತೊಮ್ಮೆ ಓದಿ.

ಮುದ್ದೇಬಿಹಾಳ ಅಪ್ಪ
ಎಲ್ಲಾರಿಗೂ ಉಪಕಾರ್ರಿ. ಕನ್ನಡ ಮಾಧ್ಯಮ ಅಂತ ಫಾರ್ಮ್ ತುಂಬಿದೆ. ಅಕ್ಕೋರ, ನಿಮ್ಮ ಸೀರಿ ಪ್ಯಾರಾ ಇವತ್ತ ಮಧ್ಯಾಹ್ನ ಒಂದಕ್ಕ ಕೊಟ್ಟೆ, 60 ಪ್ರಶ್ನಿ ಆದಮ್ಯಾಲ. ಐದರಾಗ ಮೂರ ಸರಿ. ಗೆರಿ ಎಳಿ ಅಂದ್ರ ಇಡೀ ಪ್ಯಾರಾಕ್ಕ ಎಳದಾಳ.

ಬಾದಾಮಿ ಅಕ್ಕೋರು
ಗೆರೆಗೆ ಮಿತಿ ಹಾಕಿ, ಒಂದು ಉತ್ತರಕ್ಕೆ ನಾಲ್ಕೇ ಪದ. ತಪ್ಪಿದ ಎರಡು ಯಾವ ಕಂಬದವು?

ಮುದ್ದೇಬಿಹಾಳ ಅಪ್ಪ
ಒಂದು ‘ಅಲ್ಲದೆ’. ಇನ್ನೊಂದು ಒಡಲು. ಹೊಟ್ಟಿ ಅಂತ ಹಾಕ್ಯಾಳ.