ಸಿಟ್ಟು, ಹಗೆ, ಬೌದ್ಧ ಮನಶ್ಶಾಸ್ತ್ರ: ಆಪ್ತಸಮಾಲೋಚಕಿಯನ್ನು ಕೇಳಿ

ಮಳೆಹನಿ: ಮೇಡಂ, ಅಣ್ಣನ ಜೊತೆ ಮಾತು ಬಿಟ್ಟು 3 ವರ್ಷ ಆಯಿತು. ನಿನ್ನೆ ಲೋಟ ತೊಳೆಯುವಾಗ ಅವನು ಅಂದಿದ್ದು ನೆನಪಾಯಿತು. ನಲ್ಲಿ ಬಿಟ್ಟುಕೊಂಡೇ ಹತ್ತು ನಿಮಿಷ ಮನಸ್ಸಲ್ಲೇ ಜಗಳ ಆಡಿದೆ. ‘ಅಣ್ಣ ಸುಖವಾಗಿರಲಿ’ ಅಂತ ದಿನಾ ಮೈತ್ರಿ ಧ್ಯಾನಕ್ಕೆ ಕೂರುತ್ತೇನೆ. ಸಿಟ್ಟು ಜಾಸ್ತಿಯೇ ಆಗುತ್ತಿದೆ. ನಾನು ಕೆಟ್ಟವಳಾ?

ಸಮಾಲೋಚಕಿ: ಕೆಟ್ಟವರಲ್ಲ, ಶುರು ಮಾಡಿದ ಜಾಗ ತಪ್ಪು. 5ನೇ ಶತಮಾನದ ಬೌದ್ಧ ಪಂಡಿತ ಬುದ್ಧಘೋಷ ತಮ್ಮ ‘ವಿಸುದ್ಧಿಮಗ್ಗ’ ಅನ್ನೋ ಗ್ರಂಥದಲ್ಲಿ ಮೈತ್ರಿ ಧ್ಯಾನದ ಕ್ರಮ ಹೇಳಿದ್ದಾರೆ. ಮೊದಲು ನಿಮಗೆ, ಆಮೇಲೆ ನಿಮಗೆ ಬೇಕಾದವರಿಗೆ, ಆಮೇಲೆ ಬೇಕೂ ಅಲ್ಲದ ಬೇಡವೂ ಅಲ್ಲದವರಿಗೆ. ಹಗೆಯವರ ಸರದಿ ಕೊನೆಗೆ. ನೀವು ನೇರವಾಗಿ ಅಣ್ಣನಿಂದಲೇ ಶುರು ಮಾಡಿದ್ದೀರಿ. ಮುಖ ನೆನಪಾದರೆ ನೋವೂ ನೆನಪಾಗುತ್ತದೆ, ಅಲ್ವಾ?

ಇನ್ನೊಂದು ವಿಷಯ. ಹಳೆಯ ಬೌದ್ಧ ಗ್ರಂಥಗಳ ಪಾಳಿ ಭಾಷೆಯಲ್ಲಿ ಸಿಟ್ಟಿಗೆ ‘ಕೋಧ’, ಕಟ್ಟಿಟ್ಟುಕೊಂಡ ಹಗೆಗೆ ‘ಉಪನಾಹ’. ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಮೂರು ಥರದ ಜನ ಬರುತ್ತಾರೆ: ಸಿಟ್ಟು ಕೂಡಲೇ ಅಳಿಯುವ ನೀರಿನ ಗೆರೆ, ಸ್ವಲ್ಪ ದಿನದಲ್ಲಿ ಅಳಿಯುವ ಮಣ್ಣಿನ ಗೆರೆ, ಬೇಗ ಅಳಿಯದ ಕಲ್ಲಿನ ಗೆರೆ. ನಿಮ್ಮದು ಕಲ್ಲಿನ ಗೆರೆ. ನಲ್ಲಿ ಮುಂದೆ ನಿಂತು ನೀವೇ ಅದನ್ನು ಮತ್ತೆ ಕೊರೆಯುತ್ತಿದ್ದೀರಿ. ಎರಡು ವಾರ ಧ್ಯಾನದಲ್ಲಿ ಅಣ್ಣನನ್ನು ಬಿಡಿ. ಆ ಜಗಳ ಶುರುವಾದ ಕೂಡಲೇ ದವಡೆ ಬಿಗಿಯಾಗಿದೆಯಾ ನೋಡಿ. ‘ಸಿಟ್ಟು ಬಂದಿದೆ’ ಅಂದುಕೊಳ್ಳಿ. ಅಷ್ಟೇ. ಆಮೇಲೆ ಕೈಮೇಲೆ ಬೀಳುವ ನೀರಿನ ತಣುಪು ಗಮನಿಸಿ. ಅಂದಹಾಗೆ, ಅಣ್ಣ ಅಂದಿದ್ದೇನು? ಇಲ್ಲಿ ಬೇಡ, ಇನ್‌ಬಾಕ್ಸಿಗೆ ಬರೆಯಿರಿ.

ಹಳೇಸೈಕಲ್: ದಿಂಬಿಗೆ ಗುದ್ದಿದರೆ ಸಿಟ್ಟು ಇಳಿಯುತ್ತದಂತೆ. ಫಾರ್ವರ್ಡ್ ಬಂದಿತ್ತು.

ಸಮಾಲೋಚಕಿ: ಈ ಫಾರ್ವರ್ಡ್ ಇಲ್ಲಿ ಮೂರನೇ ಸಲ. ಗುದ್ದಬೇಡಿ. 2002ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ ಪ್ರಯೋಗ ಮಾಡಿ ನೋಡಿದರು. ಸಿಟ್ಟು ತರಿಸಿದವರನ್ನೇ ನೆನೆದು ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಸಿಟ್ಟೇ ಜಾಸ್ತಿ ಇತ್ತು. ಸುಮ್ನೆ ಕೂತವರೇ ವಾಸಿ.

ಕಿಟಕಿ: ಸಿಟ್ಟು ಅಂದರೆ ಕೈಯಲ್ಲಿ ಹಿಡಿದ ಕೆಂಡ ಅಂತ ಬುದ್ಧನೇ ಹೇಳಿಲ್ಲವೇ?

ತೆರೆದಪುಟ: ಬುದ್ಧನ ಮಾತಲ್ಲ. ಆ ಹೋಲಿಕೆ ವಿಸುದ್ಧಿಮಗ್ಗದ್ದು. ಅಲ್ಲಿ ಕೆಂಡದ ಪಕ್ಕ ಹೇಲೂ ಇದೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಕಿಟಕಿ: ಯಾರು ಹೇಳಿದರೇನು? ನಿಮ್ಮ ಪಾಂಡಿತ್ಯ ಕೇಳಿದವರ್ಯಾರು?

ಬೇಸಿಗೆ: ಮೇಡಂ, ಸಿಟ್ಟಿಗೆ ಮಾತ್ರೆ ಬೇಕಾಗುತ್ತಾ?

ತೆರೆದಪುಟ: ಕೇಳದಿದ್ದರೂ ತಪ್ಪು ತಪ್ಪೇ.

ಸಣ್ಣಮೀನು: ಮನೆಯಲ್ಲಿ ನನಗೆ ಹೊಡೆಯುತ್ತಾರೆ. ‘ಕ್ಷಮಿಸಿ ಸುಮ್ಮನಿರು’ ಅಂತಾರೆ ಎಲ್ಲರೂ. ಮೈತ್ರಿ ಅಂದರೆ ಇದೇನಾ?

ಸಮಾಲೋಚಕಿ: ಅಲ್ಲವೇ ಅಲ್ಲ. ಹೊಡೆತ ತಿಂದುಕೊಂಡು ಇರಿ ಅಂತ ಮೈತ್ರಿ ಹೇಳುವುದಿಲ್ಲ. ಮೊದಲು ನೀವು ಸುರಕ್ಷಿತವಾಗಿರುವ ಜಾಗ, ಧ್ಯಾನ ಆಮೇಲೆ. ನಿಮಗೆ ಮೆಸೇಜ್ ಹಾಕಿದ್ದೇನೆ, ಈಗಲೇ ನೋಡಿ. ಇವರಿಗೆ ಧ್ಯಾನದ ವಿಡಿಯೋ ಯಾರೂ ಕಳಿಸಬೇಡಿ.

ಹಳೇಸೈಕಲ್: ಶತ್ರುವಿನ ಮೇಲೆ ಮೈತ್ರಿ ಬರುತ್ತಿಲ್ಲ, ಏನು ಮಾಡಲಿ?

ಸಮಾಲೋಚಕಿ: ಮೇಲೆ ಬರೆದಿದ್ದೇನೆ. ಓದಿ.

ಕಿಟಕಿ: ಕೆಲವರಿಗೆ ಬುದ್ಧನೂ ಬೇಕು, ಜಗಳವೂ ಬೇಕು.

ತೆರೆದಪುಟ: ಶುರು ಮಾಡಿದವರು ಯಾರು, ಮೇಲೆ ಹೋಗಿ ನೋಡಿ.

ಮಳೆಹನಿ: ಮೇಡಂ, ಇನ್‌ಬಾಕ್ಸ್ ನೋಡಿ. ಅಣ್ಣ ಅಂದಿದ್ದು ಬರೆದಿದ್ದೇನೆ. ಬರೆದರೆ ಮೂರೇ ಸಾಲು ಆಯಿತು.